ಥೆಲ್ಮಾ ಆಡದೆ ಬಿಟ್ಟ ಮಾತು

ಈ ಕಥೆಯನ್ನು ಮೊದಲು ಹೇಳಿದವನು ಕಿಂಗ್ ದ್ವೀಪದ ಡೆಸ್ ಬರ್ಗೆಸ್. ಅಲೆಗಳು ದಂಡೆಗೆ ತಂದೆಸೆಯುವ ದಪ್ಪ ಕಡಲಪಾಚಿಯನ್ನು ಟ್ರಕ್ಕಿನಲ್ಲಿ ಸಾಗಿಸುವುದು ಅವನ ಕಸುಬು. ೧೯೯೮ರ ಫೆಬ್ರವರಿಯ ಒಂದು ಮಧ್ಯಾಹ್ನ, ಪಾಚಿ ಒಣಗಿಸುವ ಶೆಡ್ಡಿನಲ್ಲಿ, ಗಾಳಿ ತಗ್ಗುವವರೆಗೆ ಕೆಲಸ ನಿಂತಿದ್ದಾಗ ಹೇಳಿದ. ಅದೇ ದ್ವೀಪದ ಇನ್ನೊಂದು ಊರಾದ ನರಕೂಪಾ ಕಡೆಯವರು ಇದನ್ನು ಬೇರೆ ರೀತಿ ಹೇಳುತ್ತಾರೆ. ನಾನು ಡೆಸ್ ಹೇಳಿದ್ದನ್ನೇ ಅನುಸರಿಸಿದ್ದೇನೆ, ಏಕೆಂದರೆ ಇದೆಲ್ಲ ನಡೆದಾಗ ಅವನು ಥೆಲ್ಮಾಳ ರೇಡಿಯೊ ಕೋಣೆಯಲ್ಲೇ ಇದ್ದ.

ಥೆಲ್ಮಾಳ ಗಂಡ ಸೆಲ್ವಿನ್ ಪ್ಯಾಸ್ಕೋ ವಿಕ್ಟೋರಿಯಾದ ಪೋರ್ಟ್‌ಲೆಂಡಿನಲ್ಲಿ ಹವ್ಯಾಸಿ ರೇಡಿಯೊ ನಡೆಸುತ್ತಿದ್ದ. ಅವನು ಹಿಡಿದದ್ದು ವಿಎಚ್‌ಎಫ್ ಎಂಬ ರೇಡಿಯೊ ಅಲೆಗಳನ್ನು. ಅವು ಸಾಮಾನ್ಯವಾಗಿ ದಿಗಂತ ದಾಟುತ್ತಲೇ ಆಕಾಶಕ್ಕೆ ಸೋರಿಹೋಗುತ್ತವೆ. ಬೇಸಿಗೆಯಲ್ಲಿ ಕಡಲ ಮೇಲೆ ಬಿಸಿಗಾಳಿ ಮುಚ್ಚಳದಂತೆ ಕುಳಿತರೆ ಮಾತ್ರ, ಅದರಡಿ ಸಿಕ್ಕಿಕೊಂಡು ಪಶ್ಚಿಮದ ಆಲ್ಬನಿಯವರೆಗೂ ಓಡುತ್ತವೆ. ಒಂದು ಬೇಸಿಗೆ ಸೆಲ್ವಿನ್ ಹಾಗೆ ಆಲ್ಬನಿಯ ಕ್ಲೈವ್ ಟ್ರಿಗ್‌ನೊಡನೆ ಮಾತಾಡಿದ; ಆ ಅಲೆಗಳಲ್ಲಿ ಅಷ್ಟು ದೂರ ಅದುವರೆಗೆ ಯಾರೂ ಮಾತಾಡಿರಲಿಲ್ಲ, ಅದೊಂದು ದಾಖಲೆ.

ಹವ್ಯಾಸಿ ರೇಡಿಯೊದವರಲ್ಲಿ ಒಂದು ಕಟ್ಟಳೆಯಿದೆ. ಎರಡೂ ಕಡೆಯವರು ದನಿಯ ಬಲವನ್ನು ತಿಳಿಸುವ ಒಂದೊಂದು ಸಂಖ್ಯೆ ಕೊಡಬೇಕು. ಬಂದ ಸಂಖ್ಯೆಗೆ ಇಬ್ಬರೂ “ರಾಜರ್”, ಅಂದರೆ ಸರಿಯಾಗಿ ಕೇಳಿಸಿತು, ಎನ್ನಬೇಕು. ಆ ಕೊನೆಯ ಮಾತು ಒಂದು ಕಡೆ ತಪ್ಪಿದರೂ ಸಂಪರ್ಕ ನಡೆದೇ ಇಲ್ಲ. ಕ್ಲೈವ್ ರಾಜರ್ ಎಂದದ್ದನ್ನು ಗಂಡನ ಬೆನ್ನ ಹಿಂದೆ ನಿಂತಿದ್ದ ಥೆಲ್ಮಾ ಕಿವಿಯಾರೆ ಕೇಳಿದ್ದಳು. ಆದರೆ ತಾನು ಹಾಗೆ ಹೇಳಿಯೇ ಇಲ್ಲವೆಂದು ಕ್ಲೈವ್ ಎಲ್ಲರೆದುರು ಸಾಧಿಸಿದ. ಮುಂದಿನ ವಾರ ತನ್ನ ಗೆಳೆಯನೊಬ್ಬನನ್ನು ಪೋರ್ಟ್‌ಲೆಂಡಿಗೆ ಕಳಿಸಿ, ಅದೇ ದೂರದ ದಾಖಲೆಯನ್ನು ತನ್ನ ಹೆಸರಿಗೆ ಮಾಡಿಕೊಂಡ. ಸುಳ್ಳುಗಾರನೆಂಬ ಹೆಸರು ಸೆಲ್ವಿನ್‌ನಿಗೆ ಅಂಟಿತು. ಅವನು ಮತ್ತೆ ಮೈಕ್ ಮುಟ್ಟದೆ ಸತ್ತ.

ಥೆಲ್ಮಾ ಪರೀಕ್ಷೆ ಕಟ್ಟಿ ಪರವಾನಗಿ ಪಡೆದಳು. ಪೋರ್ಟ್‌ಲೆಂಡಿಗಿಂತ ಪೂರ್ವಕ್ಕೆ, ಆಲ್ಬನಿಯಿಂದ ಇನ್ನೂ ದೂರವಿರುವ ಕಿಂಗ್ ದ್ವೀಪಕ್ಕೆ ಬಂದು ಪಶ್ಚಿಮದ ದಂಡೆಯಲ್ಲಿ ಏರಿಯಲ್ ನಿಲ್ಲಿಸಿದಳು. ಅಷ್ಟರಲ್ಲಿ ಯಾರೋ ಕ್ಲೈವ್‌ನ ದಾಖಲೆ ಮುರಿದಿದ್ದರು. ಅದನ್ನು ಮರಳಿ ಪಡೆಯಲು ಅವನಿಗಿದ್ದದ್ದು ಈ ದ್ವೀಪವೊಂದೇ. ದ್ವೀಪದಲ್ಲಿದ್ದದ್ದು ಥೆಲ್ಮಾಳ ರೇಡಿಯೊ ಒಂದೇ. ಬೇಸಿಗೆಯಿಂದ ಬೇಸಿಗೆಗೆ ಅವನು ಕೂಗಿದ. ಅವಳು ಕೇಳಿಸಿಕೊಂಡಳು, ಉತ್ತರಿಸಲಿಲ್ಲ. ಅವನು ಏರಿಯಲ್ ನಿಲ್ಲಿಸಿದ್ದ ಗುಡ್ಡದ ಜಾಗ ಮಾರಾಟವಾಯಿತು, ಅವನಿಗೆ ಇದೇ ಕೊನೆಯ ಬೇಸಿಗೆ ಎಂಬ ಸುದ್ದಿ ಮೆಲ್ಬರ್ನ್‌ನ ರೇಡಿಯೊ ಮಂದಿಯಿಂದ ಬಂದ ಮೇಲೆ ಮನಸ್ಸು ಬದಲಿಸಿದಳು.

ಆ ಬೇಸಿಗೆಯ ಒಂದು ಬೆಳಿಗ್ಗೆ ಡೆಸ್ ಅವಳಿಗೆ ಕಡಲಸೀಗಡಿ ಕೊಡಲು ಹೋಗಿದ್ದಾಗ ರೇಡಿಯೊದಲ್ಲಿ ಒಂದು ದನಿ ಕೂಗಿತು.

“ಶ್! ಬಂದ ನೋಡು,” ಎಂದಳು ಥೆಲ್ಮಾ.

“ಯಾರು?”

“ಹಾಳಾದವನು.”

ಅವಳು ಮೈಕ್ ಎತ್ತಿ ದ್ವೀಪದ ಹೆಸರು ಹೇಳಿದಳು. ಆ ತುದಿಯಲ್ಲಿ ಕುರ್ಚಿ ಉರುಳಿದ ಸದ್ದೂ ಕೇಳಿಸಿತೆಂದು ಡೆಸ್ ಹೇಳುತ್ತಾನೆ.

“ಅಯ್ಯೋ ದೇವ್ರೇ! ಕಿಂಗ್ ಐಲೆಂಡಾ? ಇಷ್ಟು ವರ್ಷ ಎಲ್ಲಿದ್ದೆ ತಾಯಿ, ಪುಣ್ಯಾತ್ಗಿತ್ತಿ! ನಿಂಗೆ ಐವತ್ತೈದು, ಐವತ್ತೈದು!”

“ನಿಮ್ಗೆ ನಲವತ್ತೊಂದು,” ಎಂದಳು ಥೆಲ್ಮಾ.

“ನಲವತ್ತೊಂದು, ರಾಜರ್! ನಂದು ಬಂತಾ?”

ಉಳಿದದ್ದು ಅವಳ ಒಂದು ಮಾತು, ರಾಜರ್.

“ಕ್ಲೈವ್, ನಾನು ಥೆಲ್ಮಾ. ಸೆಲ್ವಿನ್ ಪ್ಯಾಸ್ಕೋ ಹೆಂಡ್ತಿ.”

ಕ್ಲೈವ್ ಕುರ್ಚಿ ಎತ್ತಿ ನಿಲ್ಲಿಸಿದ ಸದ್ದು ಬಂತು. ಆಮೇಲೆ ಅವನೆಂದ: “ನೋಡು ಥೆಲ್ಮಾ, ಅದೆಲ್ಲ ಹಳೇ ಕಥೆ. ಆಗ ಎಲ್ರೂ ಬಿಸಿರಕ್ತದವ್ರು. ಈಗ ನನ್ನ ನಂಬರ್ ಬಂತಾ, ಅಷ್ಟು ಹೇಳ್ಬಿಡು.”

“ನಿನ್ನ ಹಾಗೆ ಸುಳ್ಳು ಹೇಳೋಳಲ್ಲ ನಾನು. ಬರ್ಲಿಲ್ಲ ಅಂತ ಹೇಳಲ್ಲ. ಬಂತು ಅಂತಲೂ ಹೇಳಲ್ಲ.”

ಮೈಕ್ ಕೆಳಗಿಟ್ಟಳು. ಧ್ವನಿವರ್ಧಕವನ್ನು ಮಾತ್ರ ಆರಿಸಲಿಲ್ಲ.

“ಏನೇ ಮಾರಾಯ್ತಿ, ನಿನ್ ಹೆಸ್ರೂ ದಾಖಲೆಗೆ ಬರ್ತಿತ್ತಲ್ಲೇ!” ಎಂದ ಡೆಸ್.

“ಬರ್ದಿದ್ರೆ ಬೇಡ.”

“ರಾಜರ್ ಅಂದ್ಳು ಅಂತ ಅವನೇ ಹೇಳ್ಕೊಂಡು ತಿರುಗಿದ್ರೆ?”

“ಮೆಲ್ಬರ್ನ್‌ನೋರೆಲ್ಲ ಕಿವಿ ಹಚ್ಚಿದಾರೆ. ತಿರುಗ್ಲಿ.”

ನರಕೂಪಾದವರು ಈ ಹಂತದಲ್ಲಿ ಅವಳು ಅತ್ತಳೆನ್ನುತ್ತಾರೆ. ಡೆಸ್‌ನ ಪ್ರಕಾರ ಅವಳು ಟೋಸ್ಟಿಗೆ ಬೆಣ್ಣೆ ಸವರಿದಳು, ಅಂಚಿನವರೆಗೂ. ಕ್ಲೈವ್ ಮೊದಲು ಬೈದ, ಆಮೇಲೆ ಬೇಡಿಕೊಂಡ, ಕೊನೆಕೊನೆಗೆ ಐವತ್ತೈದು, ಐವತ್ತೈದು ಎಂದಷ್ಟೇ ಅನ್ನುತ್ತಿದ್ದ. ನೈರುತ್ಯದ ತಂಪುಗಾಳಿ ನುಗ್ಗಿ ಬಿಸಿಗಾಳಿಯ ಮುಚ್ಚಳ ಒಡೆದು ಅವನ ದನಿ ಅಡಗುವವರೆಗೂ ಅವಳು ರೇಡಿಯೊದ ಎದುರಿಗೇ ಕುಳಿತು ತಿಂದಳು.

ಶೆಡ್ಡಿನಲ್ಲಿ ಯಾರೋ ಕೇಳಿದರು: “ಸೆಲ್ವಿನ್‌ಗೆ ಮೋಸ ಆಗಿತ್ತು ಅಂತ ಕ್ಲೈವ್ ಒಪ್ಕೊಂಡ್ನಾ?”

“ಅದೊಂದು ಬಾಯಿಗೇ ಬರ್ಲಿಲ್ಲ ನೋಡು,” ಎಂದ ಡೆಸ್. “ಒಪ್ಕೊಂಡಿದ್ರೆ ರಾಜರ್ ಅಂತಿದ್ಯಾ ಅಂತ ಥೆಲ್ಮಾನ್ನೇ ಕೇಳ್ದೆ.”

“ಏನಂದ್ಳು?”

“‘ಅಂತಿರ್ಲಿಲ್ಲ’ ಅಂದ್ಳು.”

ಹೊರಗೆ ಗಾಳಿ ತಗ್ಗಿತ್ತು. ಆದರೆ ಆ ದಿನ ಕೆಲಸ ಮುಂದುವರಿಸುವ ಮನಸ್ಸು ಯಾರಿಗೂ ಇರಲಿಲ್ಲ. ಎದ್ದು, ಬೂಟುಗಳ ಮರಳು ಕೊಡವಿ, ಒಬ್ಬೊಬ್ಬರಾಗಿ ಮನೆಗೆ ಹೋದರು.