ಒಲೆಯ ಮುಂದಿನ ಕೆಲಸ

ಹೊಸನಗರದ ಬಸ್ ನಿಲ್ದಾಣದ ಎದುರಿಗೆ ಹರಿಪ್ರಸಾದನ ಊಟದ ಹೋಟೆಲು. ಅಲ್ಲಿ ಅಡುಗೆ ಮಾಡುತ್ತಿದ್ದವರು ಸುಂದರೇಶ ಭಟ್ಟರು, ತೀರ್ಥಹಳ್ಳಿ ಕಡೆಯವರು. ಹೋಟೆಲಿನ ಹಿಂದಿನ ಕೋಣೆಯಲ್ಲೇ ವಾಸ. ಬಿಡುವಾದಾಗ ಊರಿಗೆ ಹೋಗಿ ಹೆಂಡತಿಯನ್ನು ನೋಡಿಕೊಂಡು ಬರುತ್ತಿದ್ದರು. ಮಾತು ಕಡಿಮೆ, ಕೈರುಚಿ ಹೆಚ್ಚು. ಸಾಗರದಿಂದ ಕೋರ್ಟಿನ ಕೆಲಸಕ್ಕೆ ಬರುವ ವಕೀಲರು ಅವರ ಸಾರನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಉಣ್ಣುತ್ತಿದ್ದರು.

ಹೋದ ಚಳಿಗಾಲದಲ್ಲಿ ಭಟ್ಟರಿಗೆ ಜ್ವರ ಬಂತು. ಜ್ವರವೇನೋ ಇಳಿಯಿತು, ಮೂಗು ಮಾತ್ರ ಸತ್ತೇಹೋಯಿತು. ಇಂಗು, ಕರಿಬೇವು, ಕಾಯಿಸಿದ ತುಪ್ಪ, ಯಾವುದರ ಪರಿಮಳವೂ ಇಲ್ಲ. ನಾಲಿಗೆಗೆ ಉಪ್ಪು, ಹುಳಿ, ಖಾರ ಇಷ್ಟೇ ಗೊತ್ತಾಗುತ್ತಿತ್ತು. ಶಿವಮೊಗ್ಗದ ಡಾಕ್ಟರು, ವಾಪಸ್ ಬಂದರೆ ಬರಬಹುದು, ಕಾಯಬೇಕು ಎಂದರು. ಭಟ್ಟರು ಯಾರಿಗೂ ಹೇಳಲಿಲ್ಲ. ಮೂಗಿಲ್ಲದ ಅಡುಗೆಯವನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಒಂದು ಬೆಳಿಗ್ಗೆ ಅವರು ತರಕಾರಿ ಹೆಚ್ಚುತ್ತಿದ್ದಾಗ ಹಿಂದೆ ಬಾಣಲೆಯಲ್ಲಿದ್ದ ಕೊತ್ತಂಬರಿ ಬೀಜ ಸೀದು ಕರಿಯಾಯಿತು. ಅವರಿಗೆ ಗೊತ್ತೇ ಆಗಲಿಲ್ಲ. ಪಾತ್ರೆ ತೊಳೆಯುತ್ತಿದ್ದ ಆಶಾ ಓಡಿಬಂದು ಒಲೆ ಆರಿಸಿದಳು. ಹುಂಚದ ಕಡೆಯಿಂದ ಮೊದಲ ಬಸ್ಸಿಗೆ ಬರುವ ಹೆಂಗಸು ಅವಳು.

"ಇಷ್ಟು ಸೀದ ವಾಸ್ನೆ ಬರ್ತಿದೆ, ನಿಮ್ಗೆ ಗೊತ್ತಾಗ್ಲಿಲ್ವಾ ಭಟ್ರೇ?"

ಭಟ್ಟರು ಏನೋ ನೆಪ ಹೇಳಲು ಹೋದರು, ಆಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. ಆಶಾ ಸೀದ ಬೀಜವನ್ನು ಹೊರಗೆ ಚೆಲ್ಲಿ ಬಂದು ಸೆರಗಿಗೆ ಕೈ ಒರೆಸಿಕೊಂಡಳು.

"ಹುರಿಯೋವಾಗ ನನ್ನ ಕರೀರಿ. ನಾನು ಮೂಸಿ ಹೇಳ್ತೀನಿ."

ಹೀಗೆ ಶುರುವಾಯಿತು. ಮೊದಮೊದಲು ಅವಳು ಮೂಸಿ ಸಾಕು, ಇನ್ನೂ ಬೇಕು ಎನ್ನುತ್ತಿದ್ದಳಷ್ಟೆ. ಆಮೇಲೆ ಭಟ್ಟರು ಹದ ಹೇಳಿಕೊಟ್ಟರು. ಬೇಳೆ ಎಷ್ಟು ಬೇಯಬೇಕು, ಬೆಲ್ಲ ಯಾವಾಗ ಬೀಳಬೇಕು, ಒಗ್ಗರಣೆ ಹಾಕಿದ ಮೇಲೆ ಯಾಕೆ ಮುಚ್ಚಿಡಬೇಕು ಎಂದು ಒಂದೊಂದಾಗಿ. ಮುಂಗಾರು ಹತ್ತಿರವಾಗುವ ಹೊತ್ತಿಗೆ ಸೌಟು ಅವಳ ಕೈಯಲ್ಲಿತ್ತು, ಹೆಚ್ಚುವುದು ರುಬ್ಬುವುದು ಭಟ್ಟರದ್ದಾಗಿತ್ತು. ಸಾರು ಇಳಿಸಿ, ಅದೇ ಕೈಯಲ್ಲಿ ಅವಳು ಮತ್ತೆ ಪಾತ್ರೆಯ ರಾಶಿಗೆ ಕೂರುತ್ತಿದ್ದಳು. ಸೋಪು, ತಣ್ಣೀರಿಗೆ ಬೆರಳ ಸಂದಿಗಳು ಬಿರಿದಿದ್ದವು. ಅದನ್ನು ನೋಡಿದಾಗೆಲ್ಲ ಭಟ್ಟರಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಒಂದು ದಿನ ಹರಿಪ್ರಸಾದ ಎಂದಿಗಿಂತ ಬೇಗ ಬಂದ. ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟ. ಆಶಾ ಒಗ್ಗರಣೆ ಹಾಕುತ್ತಿದ್ದಳು. ಭಟ್ಟರು ಕೆಳಗೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದರು.

"ಇದೇನು ಭಟ್ರೇ?"

ಆಶಾ ಸೌಟು ಕೆಳಗಿಟ್ಟು ಗೋಡೆಗೆ ಸರಿದಳು. ಭಟ್ಟರು ಎದ್ದು ನಿಂತು ಎಲ್ಲ ಹೇಳಿದರು.

"ನೀವೆಲ್ಲ ಹೊಗಳ್ತಿದ್ರಲ್ಲ, ಆ ಸಾರು ಇವಳು ಮಾಡಿದ್ದು. ತಪ್ಪು ಅಂತ ಕಂಡ್ರೆ ನಾನು ಹೋಗ್ತೀನಿ. ಇವಳನ್ನ ಏನೂ ಅನ್ಬೇಡಿ."

ಹರಿಪ್ರಸಾದನ ಮುಖ ಕೆಂಪಾಯಿತು. "ನನ್ನ ಹತ್ರ ಒಂದು ಮಾತು ಹೇಳೋಕೆ ಆಗ್ತಿರ್ಲಿಲ್ವಾ? ನಾನೇನು ನಿಮ್ಮನ್ನ ಬೀದಿಗೆ ಹಾಕ್ತಿದ್ನಾ?"

"ಹೆದರಿಕೆ ಆಯ್ತು."

ಹರಿಪ್ರಸಾದ ಬಾಗಿಲಿನಿಂದ ಒಳಗೆ ಬಂದು ದನಿ ತಗ್ಗಿಸಿ ಕೇಳಿದ. "ಅಡುಗೆ ಯಾರದ್ದು, ಯಾವ ಜನ ಅಂತ ವಿಚಾರಿಸೋರು ಇದಾರಲ್ಲ ಭಟ್ರೇ. ಅವರಿಗೆ ಏನು ಹೇಳ್ಲಿ?"

"ಇಷ್ಟು ದಿನ ಉಂಡೋರು ಯಾರೂ ಕೇಳ್ಲಿಲ್ವಲ್ಲ."

ಹರಿಪ್ರಸಾದ ಗಲ್ಲಾದ ಕಡೆ ಹೋದ. ಆ ದಿನದ ಊಟ ಹಾಗೇ ನಡೆಯಿತು. ಆಶಾಳ ಸಾರು ಹದ ತಪ್ಪಲಿಲ್ಲ. ಕೆಲಸ ಹೋದರೆ ಸಾಗರದ ಮದುವೆ ಮಂಟಪಗಳಲ್ಲಿ ಹೆಚ್ಚುವುದಕ್ಕಾದರೂ ಕರೆಯುತ್ತಾರೇನೋ ಎಂದು ಭಟ್ಟರು ಯೋಚಿಸುತ್ತಿದ್ದರು.

ಜನ ಖಾಲಿಯಾದ ಮೇಲೆ ಹರಿಪ್ರಸಾದ ಇಬ್ಬರನ್ನೂ ಹೊರಗೆ ಕರೆದು, ಗಿರಾಕಿಗಳ ಮೇಜನ್ನು ತೋರಿಸಿದ. "ಕೂತ್ಕೊಳ್ಳಿ." ಆಶಾ ಕೂರಲಿಲ್ಲ. ಅವನು ತಾನೇ ಒಳಗೆ ಹೋಗಿ ಕಾಫಿ ತಂದಿಟ್ಟ ಮೇಲೆ ಬೆಂಚಿನ ತುದಿಯಲ್ಲಿ ಕೂತಳು.

"ಆಶಾ, ಇನ್ಮೇಲೆ ಅಡುಗೆ ನಿಂದು. ಸಂಬಳ ಅಡುಗೆಯವ್ರದ್ದೇ. ನೀನು ಸೌಟು ಹಿಡಿದ ತಿಂಗಳಿಂದ್ಲೇ ಲೆಕ್ಕ ಹಾಕಿ ಕೊಡ್ತೀನಿ. ಪಾತ್ರೆಗೆ ಬೇರೆ ಯಾರನ್ನಾದ್ರೂ ನೋಡ್ತೀನಿ." ಮತ್ತೆ ಭಟ್ಟರ ಕಡೆ ತಿರುಗಿದ. "ನೀವು ಎಲ್ಲಿಗೂ ಹೋಗೋದು ಬೇಡ. ಸಂಬಳ ಇದ್ದಷ್ಟೇ ಇರ್ಲಿ. ಹೆಚ್ಚೋದು, ರುಬ್ಬೋದು, ದೋಸೆ ಕಾವಲಿ ನೋಡ್ಕೊಳ್ಳಿ. ಇವಳಿಗೆ ಇನ್ನೂ ಕಲಿಸೋದು ಎಷ್ಟಿದ್ಯೋ ಕಲಿಸಿ."

ಭಟ್ಟರು ಮುಖ ಆ ಕಡೆ ಮಾಡಿ ಕಣ್ಣೊರೆಸಿಕೊಂಡರು. ಆಶಾ ಲೋಟವನ್ನೇ ನೋಡುತ್ತಿದ್ದಳು.

"ಹರಿಯಣ್ಣ, ಒಂದು ಕೇಳ್ಲಾ?"

"ಕೇಳು."

"ಪಾತ್ರೆಗೆ ಬರೋರಿಗೆ ಬಿಸಿನೀರು ಮಾಡಿಸಿಕೊಡಿ. ರಬ್ಬರ್ ಗ್ಲೌಸೂ ತಂದಿಡಿ. ನನ್ನ ಕೈ ಆದಂಗೆ ಅವರದ್ದು ಆಗೋದು ಬೇಡ."

ಹರಿಪ್ರಸಾದ ಅವಳ ಬೆರಳುಗಳನ್ನು ನೋಡಿದ. ದಿನಾ ಕಣ್ಣೆದುರಿಗೇ ಇದ್ದ ಕೈಗಳು. "ನಂಗೆ ಗೊತ್ತೇ ಆಗ್ಲಿಲ್ವಲ್ಲ ಮಾರಾಯ್ತಿ" ಎಂದ. ಆ ವಾರವೇ ಹಿತ್ತಿಲಿಗೆ ಗ್ಯಾಸ್ ಗೀಸರ್ ಬಂತು.

ಪಾತ್ರೆ ಕೆಲಸಕ್ಕೆ ಕುಮಾರ ಎಂಬವನು ಸೇರಿದ. ಅಡುಗೆಯ ವಿಷಯ ಊರಲ್ಲಿ ಹರಡಲು ಬಹಳ ದಿನ ಬೇಕಾಗಲಿಲ್ಲ. ದಿನಾ ಬರುತ್ತಿದ್ದ ಒಬ್ಬ ಹಿರಿಯರು ಗಲ್ಲಾದ ಎದುರು ನಿಂತು, "ಈಗ ಅಡುಗೆ ಯಾರದ್ದಪ್ಪ?" ಎಂದು ಕೇಳಿದರು. ಹರಿಪ್ರಸಾದ ಮೆತ್ತಗೆ ಹೇಳಿದ, "ಆಶಾ ಅಂತ, ನಮ್ಮ ಅಡುಗೆಯವ್ರು. ಬನ್ನಿ, ಕೂತ್ಕೊಳ್ಳಿ." ಅವರು ಕೂರದೆ ಹೋದರು, ಮತ್ತೆ ಬರಲಿಲ್ಲ. ಅವರ ಹಿಂದೆಯೇ ಇನ್ನೂ ಕೆಲವರು ಬರುವುದನ್ನು ನಿಲ್ಲಿಸಿದರು. ಹರಿಪ್ರಸಾದ ಕೆಲವು ದಿನ ಮಂಕಾಗಿದ್ದ, ಆದರೆ ಮಾತು ಬದಲಿಸಲಿಲ್ಲ. ಜೋಗಕ್ಕೆ ಹೋಗುವವರು, ಬ್ಯಾಂಕಿನ ಹುಡುಗಿಯರು, ಡ್ರೈವರುಗಳು ಬರುತ್ತಲೇ ಇದ್ದರು. ಮಳೆಗಾಲ ಕಳೆಯುವ ಹೊತ್ತಿಗೆ ಮಧ್ಯಾಹ್ನ ಮೇಜು ಖಾಲಿ ಸಿಗುವುದೇ ಕಷ್ಟವಾಯಿತು.

ಭಟ್ಟರ ಮೂಗು ಇನ್ನೂ ಸರಿಯಾಗಿಲ್ಲ. ದೋಸೆ ಹದಕ್ಕೆ ಬಂತೆಂದು ಬಣ್ಣ ನೋಡಿ ತಿಳಿಯುತ್ತಾರೆ. ದೀಪಾವಳಿಗೆ ಊರಿಗೆ ಹೊರಟಾಗ ಅವರು ಬ್ಯಾಗು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರು.

"ಆಶಾ, ನಿಂಗೆ ಹೇಗೆ ಹೇಳೋದೋ ಗೊತ್ತಾಗ್ತಿಲ್ಲ. ಇವತ್ತು ತಲೆ ಎತ್ಕೊಂಡು ಮನೆಗೆ ಹೋಗ್ತಿದೀನಿ ಅಂದ್ರೆ ಅದು ನಿನ್ನಿಂದ."

ಅವಳು ಒಲೆ ಸಣ್ಣ ಮಾಡಿ ಈ ಕಡೆ ತಿರುಗಿದಳು.

"ನೀವು ಹಂಗನ್ಬೇಡಿ ಭಟ್ರೇ. ನನ್ನ ಒಲೆ ಹತ್ರ ಬಿಟ್ಟೋರು ಯಾರು? ಮನೇಲಿ ಅಮ್ಮೋರಿಗೆ ನಾನು ಕೇಳ್ದೆ ಅಂತ ಹೇಳಿ" ಎಂದು, ಬಾಳೆಎಲೆಯಲ್ಲಿ ಕಟ್ಟಿಟ್ಟಿದ್ದ ಹೋಳಿಗೆಯ ಪೊಟ್ಟಣವನ್ನು ಅವರ ಕೈಗೆ ಕೊಟ್ಟಳು.