ಸ್ಟೇಷನ್ ಮಾಸ್ತರರಿಗೆ ನಾಲ್ಕು ಹೆಗಲು

ಬಾಗಿಲ ಸಂದಿಯಲ್ಲೇ ನಿಂತು ದರ್ಜಿ ಆಗುವುದಿಲ್ಲವೆಂದು ತಲೆಯಾಡಿಸಿದ.

"ಸೊಂಟ ಹಿಡ್ಕೊಂಡಿದೆ ಕಣಮ್ಮ. ನಿಮ್ಮಪ್ಪನಿಗೆ ಹೆಗಲು ಕೊಡೋಕೆ ಬಂದ್ರೆ ನನಗೂ ನಾಲ್ಕು ಜನ ಹುಡುಕಬೇಕಾಗುತ್ತೆ."

"ಮಗನನ್ನಾದ್ರೂ ಕಳಿಸಿ, ಚಿಕ್ಕಪ್ಪ."

"ಅವನು ಊರಲ್ಲಿಲ್ಲ."

ಒಳಗೆ ಮಗ ಕೆಮ್ಮಿದ. ದರ್ಜಿ ಬಾಗಿಲು ಹಾಕಿಕೊಂಡ.

ಬೆಳಗಿನ ಜಾವ ತೀರಿಕೊಂಡ ಸ್ಟೇಷನ್ ಮಾಸ್ತರನ ಒಬ್ಬಳೇ ಮಗಳು ಅಲ್ಲೇ ನಿಂತಳು. ಕಾಲ ಕೆಳಗಿನ ಮೆಟ್ಟಿಲು ಪ್ಲಾಟ್‌ಫಾರಂನಿಂದ ಕಿತ್ತು ತಂದ ಕಲ್ಲು. ಊರಿನ ಅರ್ಧ ಮನೆಗಳ ಮೆಟ್ಟಿಲು ಹೀಗೇ ಬಂದದ್ದು. ಸ್ಟೇಷನ್ ಮುಚ್ಚಿಸಿದನೆಂದು ಮಾಸ್ತರನನ್ನು ಶಪಿಸುತ್ತಲೇ ಜನ ಅದನ್ನು ಕಲ್ಲು ಕಲ್ಲಾಗಿ ಹೊತ್ತೊಯ್ದಿದ್ದರು.

ಅವಳು ಇನ್ನೂ ಕೆಲವು ಬಾಗಿಲು ತಟ್ಟಿದಳು. ಸತ್ತವರ ಮೇಲೆ ಹಗೆ ಇಡಬಾರದೆಂದು ಧರ್ಮ ಹೇಳುತ್ತದೆ. ಅದನ್ನು ಓದಿ ಹೇಳಬಲ್ಲವರೂ ಆ ಬೀದಿಯಲ್ಲೇ ಇದ್ದರು.

*

ಆ ರೈಲುಹಾದಿಯಲ್ಲಿ ಮೊತ್ತಮೊದಲು ಕಟ್ಟಿದ ಸ್ಟೇಷನ್ ಅದು. ಉಗಿಬಂಡಿಗಳು ನೀರಿಗಾಗಿ ಅಲ್ಲಿ ನಿಲ್ಲುತ್ತಿದ್ದವು; ನಿಂತ ಬಂಡಿಯ ಸುತ್ತ ಊರು ಬೆಳೆಯಿತು. ನೀರು ಬೇಡದ ಎಂಜಿನ್ನುಗಳು ಬಂದ ಮೇಲೆ ನಿಲ್ಲುವ ಗಾಡಿ ಒಂದೇ ಉಳಿಯಿತು. ಹತ್ತುವವರು ಬೆರಳೆಣಿಕೆ.

ಸ್ಟೇಷನ್ ಇಡಬೇಕೋ ಮುಚ್ಚಬೇಕೋ ಎಂದು ನೋಡಲು ಅಧಿಕಾರಿ ಬಂದ ದಿನ ಊರಿಗೆ ಊರೇ ಒಳ್ಳೆಯ ಬಟ್ಟೆ ತೊಟ್ಟು, ಖಾಲಿ ಪೆಟ್ಟಿಗೆ ಹಿಡಿದು ಪ್ಲಾಟ್‌ಫಾರಂ ತುಂಬಿತು. ಮದುವೆ ಗೊತ್ತಾಗಿದ್ದ ಮಗಳೂ ಭಾವೀ ಅತ್ತೆಯ ಪಕ್ಕದಲ್ಲಿ ನಿಂತಿದ್ದಳು.

"ದಿನಾ ಇಷ್ಟು ಜನ ಇರ್ತಾರಾ ಮಾಸ್ತರ್?" ಎಂದು ಅಧಿಕಾರಿ ಕೇಳಿದ.

ಅಪ್ಪ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಬೆಳಿಗ್ಗೆ ದೇವರ ಹೆಸರು ಹೇಳಿದ ಬಾಯಲ್ಲಿ ಅವನಿಗೆ ಸುಳ್ಳು ಬರುತ್ತಿರಲಿಲ್ಲ.

"ಇಲ್ಲ ಸ್ವಾಮಿ. ಇವತ್ತು ಮಾತ್ರ."

ಇಷ್ಟನ್ನು ಊರೆಲ್ಲ ಕೇಳಿಸಿಕೊಂಡಿತು. ಗಾಡಿ ಹತ್ತುವಾಗ ಅಧಿಕಾರಿ ಆಡಿದ ಮಾತು ಮಾತ್ರ ಇಬ್ಬರ ಕಿವಿಗೇ ಬಿತ್ತು: ಅಪ್ಪನಿಗೆ, ಮತ್ತೆ ಅಧಿಕಾರಿಯ ಪೆಟ್ಟಿಗೆ ಹೊತ್ತಿದ್ದ ಕೂಲಿಗೆ.

"ನೀವು ಸುಳ್ಳು ಹೇಳಿದ್ರೂ ಅಷ್ಟೇ ಮಾಸ್ತರ್. ಮುಚ್ಚೋ ಆರ್ಡರ್ ಹೋದ ತಿಂಗಳೇ ಆಗಿದೆ."

ಅಪ್ಪ ಹೇಳಿದರೆ ಮಗಳ ಹೊರತು ಯಾರೂ ನಂಬಲಿಲ್ಲ. ಕೂಲಿ ಹೇಳಲೇ ಇಲ್ಲ. ಮದುವೆ ಮುರಿಯಿತು.

*

ಹೊತ್ತು ಇಳಿಯುವಾಗ ಆ ಕೂಲಿ ಬಂದ. ಈಗ ಹಲ್ಲುದುರಿದ ಮುದುಕ. ಸ್ಟೇಷನ್ನಿನಲ್ಲಿ ಸಾಮಾನು ಸಾಗಿಸುತ್ತಿದ್ದ ತನ್ನ ಹಳೆಯ ಕೈಗಾಡಿಯನ್ನು ಎಳೆದುಕೊಂಡು ಬಂದಿದ್ದ.

"ಯಾರಾದ್ರೂ ಒಪ್ಪಿದ್ರಾ ಅಮ್ಮ?"

"ಇಲ್ಲ ಮಾಮ. ಆವತ್ತು ನೀವು ಅಲ್ಲೇ ಇದ್ರಲ್ಲ. ಬೀದೀಲಿ ನಿಂತು ಆ ಒಂದು ಮಾತು ಹೇಳಿ. ನಾಲ್ಕು ಜನ ಬಂದೇ ಬರ್ತಾರೆ."

ಕೂಲಿ ಚಕ್ರವನ್ನು ಕಾಲಿನಿಂದ ಒದ್ದು ನೋಡಿದ. "ನಿಮ್ಮಪ್ಪ ಊರಿಗೆ ಬಗೆದ ದ್ರೋಹದ ಕತೆ ಹೇಳ್ಕೊಂಡೇ ನಾನು ಇಷ್ಟು ವರ್ಷ ಉಂಡಿದ್ದು. ಒಬ್ಬೊಬ್ಬರ ಜಗಲೀಲಿ ಒಂದೊಂದು ಹೊತ್ತು. ಅದು ಸುಳ್ಳು ಅಂದ್ರೆ ನಾಳೆ ಯಾರು ಅನ್ನ ಹಾಕ್ತಾರೆ?"

"ಅಪ್ಪ ಸತ್ತಿದ್ದಾರೆ ಮಾಮ."

"ಅದೇ ನಾನು ಹೇಳೋದು. ಅವರಿಗಿನ್ನು ಹಸಿವಿಲ್ಲ. ನನಗಿದೆ." ಅವನು ಹೆಣದ ತಲೆಯ ಕಡೆ ಬಗ್ಗಿದ. "ಕಾಲು ಹಿಡ್ಕೊಳ್ಳಿ."

ಗಾಡಿ ಗಿಡ್ಡ. ಅಪ್ಪನ ಪಾದಗಳು ಹೊರಗೆ ಚಾಚಿದವು. ಹಿಂದಿನಿಂದ ತಳ್ಳುತ್ತ ಅವಳು ಅವನ್ನು ಎದೆಗೆ ಆನಿಸಿಕೊಂಡಳು.

ಪೇಟೆ ಬೀದಿಯಲ್ಲಿ ಜನ ಮೆಟ್ಟಿಲುಗಳ ಮೇಲೆ ಕುಳಿತು ನೋಡುತ್ತಿದ್ದರು. ದರ್ಜಿಯ ಆ 'ಊರಲ್ಲಿಲ್ಲದ' ಮಗನೇ ಕೇಳಿದ:

"ಏನಜ್ಜ, ಬಹಳ ದಿನಕ್ಕೆ ಗಿರಾಕಿ ಸಿಕ್ಕಿದ್ಯಲ್ಲ. ಏನು ಸಾಮಾನು?"

ಕೂಲಿಯ ಕಾಲು ತಡೆಯಿತು. ಬೀದಿ ಕಿವಿಗೊಟ್ಟಿತ್ತು. ಅವಳು ಅವನ ಬೆನ್ನನ್ನೇ ನೋಡಿದಳು. ಅವನು ಜಗಲಿಗಳ ಕಡೆ ಒಮ್ಮೆ ಕಣ್ಣಾಡಿಸಿದ.

"ಪಾರ್ಸಲ್ಲು," ಎಂದ. "ಬಿಡಿಸ್ಕೊಳ್ಳೋರು ಯಾರೂ ಇಲ್ಲ."

ಬೀದಿ ನಕ್ಕಿತು.

ಕ್ಷೌರದಂಗಡಿಯವನೊಬ್ಬ ಕೆಲಸ ಬಿಟ್ಟು ಬಾಗಿಲಿಗೆ ಎದ್ದು ಬಂದ. ಕೊನೆಗೂ ಒಬ್ಬ ಎದ್ದನಲ್ಲ ಎಂದು ಅವಳು ಅಪ್ಪನ ಪಾದ ಬಿಟ್ಟು ಅವನಿಗೆ ಕೈಮುಗಿದಳು. ಅವನು ಕತ್ತಿಗೆ ಹತ್ತಿದ್ದ ನೊರೆಯನ್ನು ಬೀದಿಗೆ ಕೊಡವಿ ಒಳಗೆ ಹೋದ. ಚಕ್ರ ಅದರ ಮೇಲೆ ಹಾಯಿತು. ಒಂದೊಂದು ಸುತ್ತಿಗೂ ನೊರೆಯ ಒಂದು ಮಚ್ಚೆ ಮೂಡಿಸುತ್ತ ಗಾಡಿ ಮುಂದೆ ಹೋಯಿತು. ಒಂದಕ್ಕಿಂತ ಒಂದು ಮಸುಕು. ಸ್ಮಶಾನದ ತಿರುವಿಗೆ ಬರುವ ಹೊತ್ತಿಗೆ ಚಕ್ರಕ್ಕೆ ಬರೀ ಧೂಳು ಮೆತ್ತಿತ್ತು.