ಕೆರಳಿದ ನರ

ಮೊರಬದ ದುರಗವ್ವನ ಬಲದವಡೆಯ ವಸಡು ಬಾತು ಎರಡು ತಿಂಗಳಾಗಿತ್ತು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಗಂಡ ಹೊಳಬಸಪ್ಪ ಗುದ್ದಿದ್ದು ಅಲ್ಲಿಗೇ. ಅವನು ಊರಗೌಡರ ಟ್ರ್ಯಾಕ್ಟರ್ ಓಡಿಸುವವ, ಕಬ್ಬಿಣದಂಥ ಕೈ. ಗಲ್ಲದ ಮೇಲಿನ ಕಪ್ಪು ಎಂಟು ದಿನಕ್ಕೆ ಹೋಯಿತು, ಒಳಗಿನದು ಹೋಗಲಿಲ್ಲ. ಗಾಳಿ ತಾಗಿದರೆ ಸಾಕು, ದವಡೆಯಿಂದ ಕಿವಿಯವರೆಗೆ ಕಾದ ಸೂಜಿ ಎಳೆದಂತಾಗುತ್ತಿತ್ತು. ಹಿಂದೆಯೇ ವಸಡು ಕೆಂಪಗೆ ಉಬ್ಬುತ್ತಿತ್ತು. ಲವಂಗ ಕಚ್ಚಿದಳು. ಹೊಲಸು ಕೂತಿದೆ ಎಂದು ಓಣಿಯವರು ಹೇಳಿದ್ದಕ್ಕೆ ಇದ್ದಿಲಪುಡಿ ಹಾಕಿ ತಿಕ್ಕಿ ತಿಕ್ಕಿ ರಕ್ತ ಬರಿಸಿಕೊಂಡಳು. ಯಾವುದೂ ನಾಟಲಿಲ್ಲ.

ಒಂದು ಮಧ್ಯಾಹ್ನ ಹೊಳಬಸಪ್ಪ ಉಣ್ಣಲು ಬಂದಾಗ ಅವಳು ಒಲೆಯ ಮುಂದೆ ಗಲ್ಲ ಹಿಡಿದು ನರಳುತ್ತಿದ್ದಳು.

“ದಿನಾ ಇದ ಆತಲ್ಲ ನಿಂದು! ಕಿತ್ತ ಒಗದ ಬಿಡ್ತೇನಿ ತಡಿ,” ಎಂದು ಟ್ರ್ಯಾಕ್ಟರಿನ ಇಕ್ಕಳ, ದೊಡ್ಡ ಪಕ್ಕಡ ತಂದ.

“ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ!”

ಅವನು ಅವಳನ್ನು ಕೆಡವಿ, ಎದೆಯ ಮೇಲೆ ಮೊಣಕಾಲು ಊರಿ, ಹೆಬ್ಬೆರಳು ತುರುಕಿ ಬಾಯಿ ಅಗಲಿಸಿದ. ಗ್ರೀಸು ಮೆತ್ತಿದ ಕಬ್ಬಿಣ ಬಾತ ವಸಡಿಗೆ ತಾಗಿತು. ದುರಗವ್ವನಿಗೆ ಕಣ್ಣೆಲ್ಲ ಬೆಳ್ಳಗಾಯಿತು. ಎಡದವಡೆಯ ಹಲ್ಲುಗಳ ನಡುವೆ ಅವನ ಹೆಬ್ಬೆರಳಿತ್ತು. ಕಚ್ಚಿದಳು. ಅವನು ಚೀರಿದ, ಪಕ್ಕಡದಿಂದ ಹಣೆಗೆ ಹೊಡೆದ, ಮತ್ತೆ ಹೊಡೆದ. ಬೆರಳಿನ ಎಲುಬು ಲಟಕ್ಕೆನ್ನುವವರೆಗೂ ಅವಳು ಬಿಡಲಿಲ್ಲ.

ಬಾಜು ಮನೆಯ ಬಾಷಾಬಿ ಓಡಿ ಬಂದು, ಹಣೆಗೆ ಅರಿವೆ ಕಟ್ಟಿ, ಅವಳನ್ನು ಹುಬ್ಬಳ್ಳಿ ಬಸ್ಸು ಹತ್ತಿಸಿ ತಾನೂ ಹತ್ತಿದಳು.

ಹಲ್ಲಿನ ಡಾಕ್ಟರು ಬಾಯಿ ತೊಳೆಸಿದರು. “ಇಷ್ಟು ರಕ್ತ ಎಲ್ಲಿಂದ ಬಂತವ್ವಾ? ಬಾಯಾಗ ಅಂಥಾ ಗಾಯಾನ ಇಲ್ಲ.”

“ನಂದಲ್ರಿ ಅದು,” ಎಂದಳು ದುರಗವ್ವ.

ಡಾಕ್ಟರು ಬಾಷಾಬಿಯ ಮುಖ ನೋಡಿದರು, ಆಮೇಲೆ ದೀಪ ಬಗ್ಗಿಸಿ ಹಲ್ಲು ನೋಡಿದರು. “ಹೊಲಸಲ್ಲ, ಹುಳಾನೂ ಅಲ್ಲ. ಪೆಟ್ಟಿಗೆ ಹಲ್ಲು ಕೂದಲಷ್ಟು ಸೀಳೇದ, ಒಳಗಿನ ನರ ಕೆರಳೇದ. ನರ ನೋವು ತಿಳಿಸಿ ಸುಮ್ಮನಾಗೂದಿಲ್ಲವ್ವಾ. ಕೆರಳಿದ್ರ ವಸಡಿಗೆ ತಾನ ರಕ್ತ ಎಳಕೊಂಡು ಬಾವು ಏಳಸ್ತದ. ಆ ಬಾವು ಮತ್ತ ನರಾನ ಕೆಣಕ್ತದ. ತಿಕ್ಕಿದ್ರ ಹೋಗೂದಲ್ಲ ಇದು.”

“ಕೀಳ್ತೀರೇನ್ರಿ?”

“ನರ ತಗೀತೇನಿ. ಹಲ್ಲು ಇರ್ತದ.”

ಸೂಜಿ ಮಾಡಿದ ಮೇಲೆ ದವಡೆ ಮರಗಟ್ಟಿತು. ನೋವಿಲ್ಲದ ಆ ಗಳಿಗೆಯಲ್ಲಿ ದುರಗವ್ವನಿಗೆ ಅಳು ಬಂತು.

ಅವಳು ಮೊರಬಕ್ಕೆ ಹೋಗಲಿಲ್ಲ. ಸಂಶಿ ಊರಿನಲ್ಲಿದ್ದ ಅಕ್ಕ ರಾಮವ್ವನ ಮನೆಯಲ್ಲಿದ್ದು ಇನ್ನೆರಡು ಸಲ ಡಾಕ್ಟರ ಹತ್ತಿರ ಹೋಗಿಬಂದಳು. ವಸಡು ಇಳಿಯಿತು.

ತಿಂಗಳಾದ ಮೇಲೆ ಹೊಳಬಸಪ್ಪ ಬಂದ. ಹೆಬ್ಬೆರಳು ಕೊಳೆತು ಅರ್ಧ ಕತ್ತರಿಸಿದ್ದರು. ದುರಗವ್ವ ಅಂಗಳದಲ್ಲಿ ಒಣಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು.

“ನಡಿ ಮನಿಗೆ, ರಂಡೆ!” ಎಂದು ಸರಿಯಿದ್ದ ಕೈಯಿಂದ ತುರುಬು ಹಿಡಿದೆಳೆದ. ಅವಳು ಮೆಣಸಿನ ಬೀಜ ಹತ್ತಿದ ಎರಡೂ ಅಂಗೈಯನ್ನು ಅವನ ಕಣ್ಣಿಗೆ ಒತ್ತಿ ತಿಕ್ಕಿದಳು. ಅವನು ಊಳಿಡುತ್ತ ಮಣ್ಣಿನಲ್ಲಿ ಹೊರಳಾಡಿದ. ರೆಪ್ಪೆಗಳು ನೋಡನೋಡುತ್ತ ಬಾತವು.

ರಾಮವ್ವ ನೀರು ತಂದಳು. ದುರಗವ್ವ ತಂಬಿಗೆ ಇಸಿದುಕೊಂಡು, ಅವನು ಎರಡು ಸಲ ಬೇಡುವವರೆಗೆ ನಿಂತಳು. ಆಮೇಲೆ ಅವನ ಕೈಗೆ ತಾಗುವಷ್ಟು ದೂರದಲ್ಲಿ ಇಟ್ಟಳು.

“ತೊಳಕೋ. ತೊಳಕೊಂಡು ಬಸ್ ಹಿಡಿ.”